ಪಿಂಕ್ ಫ್ಲಾಯ್ಡ್‌ನ ಅತ್ಯುತ್ತಮ ಆಲ್ಬಮ್ ಯಾವುದು, ಅತಿ ದುರ್ಬಲವಾದುದು ಯಾವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚರ್ಚೆಯಲ್ಲಿ ಯಾವ ಯಾವ ಆಲ್ಬಮ್‌ಗಳು ಲೆಕ್ಕಕ್ಕೆ ಬರುತ್ತವೆ?

ಬ್ರಿಟನ್ನಿನ ರಾಕ್ ತಂಡವಾದ ಪಿಂಕ್ ಫ್ಲಾಯ್ಡ್ ಹೊರತಂದ, 1967ರ ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’ನಿಂದ 2014ರ ‘ದಿ ಎಂಡ್‌ಲೆಸ್ ರಿವರ್’ವರೆಗಿನ 15 ಸ್ಟುಡಿಯೊ ಆಲ್ಬಮ್‌ಗಳನ್ನು ಮಾತ್ರ ಸಾಮಾನ್ಯವಾಗಿ ತೂಕಕ್ಕೆ ಹಾಕಲಾಗುತ್ತದೆ. ಆಯ್ದ ಹಾಡುಗಳ ಸಂಕಲನಗಳನ್ನೂ ವೇದಿಕೆಯ ಮೇಲಿನ ಧ್ವನಿಮುದ್ರಣಗಳನ್ನೂ ಹೊರಗಿಡುವುದು ವಾಡಿಕೆ. 1969ರ ‘ಉಮ್ಮಗುಮ್ಮ’ ಮಾತ್ರ ಈ ಕಟ್ಟಳೆಗೆ ಸಿಗುವುದಿಲ್ಲ. ಅದರ ಎರಡು ಧ್ವನಿತಟ್ಟೆಗಳಲ್ಲಿ ಒಂದು ವೇದಿಕೆಯದು, ಇನ್ನೊಂದು ಸ್ಟುಡಿಯೊದ್ದು. ಒಬ್ಬರು ಅದನ್ನು ತಂಡದ ಶಕ್ತಿಗೆ ಸಾಕ್ಷಿಯೆಂದೂ ಇನ್ನೊಬ್ಬರು ದೌರ್ಬಲ್ಯಕ್ಕೆ ಸಾಕ್ಷಿಯೆಂದೂ ಕರೆಯುವಾಗ ಇಬ್ಬರೂ ಬೇರೆ ಬೇರೆ ತಟ್ಟೆಯ ವಿಷಯ ಮಾತನಾಡುತ್ತಿರುವ ಸಾಧ್ಯತೆಯೇ ಹೆಚ್ಚು.

ಒಂದೇ ತಂಡದ ಅಭಿಮಾನಿಗಳ ನಡುವೆ ಇಷ್ಟೊಂದು ಭಿನ್ನಾಭಿಪ್ರಾಯ ಏಕೆ?

ಹೆಸರು ಒಂದೇ ಆಗಿದ್ದರೂ ಆ ಹೆಸರಿನಲ್ಲಿ ಕೆಲಸ ಮಾಡಿದ ತಂಡ ಒಂದೇ ಆಗಿರಲಿಲ್ಲ. 1965ರಲ್ಲಿ ಲಂಡನ್‌ನಲ್ಲಿ ಸಿಡ್ ಬ್ಯಾರೆಟ್ (ಗಿಟಾರ್, ಗಾಯನ), ರೋಜರ್ ವಾಟರ್ಸ್ (ಬಾಸ್ ಗಿಟಾರ್), ರಿಚರ್ಡ್ ರೈಟ್ (ಕೀಬೋರ್ಡ್) ಮತ್ತು ನಿಕ್ ಮೇಸನ್ (ಡ್ರಮ್ಸ್) ಸೇರಿ ಕಟ್ಟಿದ ತಂಡಕ್ಕೆ ಮೊದಲು ಉಸಿರು ಕೊಟ್ಟದ್ದು ಬ್ಯಾರೆಟ್ ಅವರ ಕಲ್ಪನೆ. ಅವರ ಮಾನಸಿಕ ಸ್ಥಿತಿ ಹದಗೆಟ್ಟು 1968ರಲ್ಲಿ ಅವರು ತಂಡದಿಂದ ಹೊರಬೀಳುವ ಹೊತ್ತಿಗೆ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಒಳಗೆ ಬಂದಿದ್ದರು. ಮುಂದಿನ ಏಳೆಂಟು ವರ್ಷ ನಾಲ್ವರೂ ಸೇರಿ ದಾರಿ ಹುಡುಕಿದರು. 1977ರ ಸುಮಾರಿಗೆ ಹಿಡಿತ ವಾಟರ್ಸ್ ಅವರ ಕೈಗೆ ಬಂತು. 1985ರಲ್ಲಿ ಅವರು ತಂಡ ತೊರೆದ ಮೇಲೆ ಹೆಸರು ಗಿಲ್ಮೋರ್ ಮತ್ತು ಮೇಸನ್ ಅವರ ಪಾಲಾಯಿತು. ಹೀಗಾಗಿ ಯಾವ ಆಲ್ಬಮ್ ಮೇಲು ಎಂದು ಕೇಳಿದಾಗ ಉತ್ತರ ಕೊಡುವವರು ಎಷ್ಟೋ ಸಲ ಈ ತಂಡ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ನಾನು ಈ ಪುಟದಲ್ಲಿ ಹಿಡಿದಿರುವ ಅಳತೆಗೋಲು ಬೇರೆ. ತಂಡದವರು ಒಂದೇ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ ಸಂಗೀತ, ಅದರಲ್ಲೂ ಧ್ವನಿಮುದ್ರಣಕ್ಕೆ ಮುನ್ನ ವೇದಿಕೆಯ ಮೇಲೆ ತಿಂಗಳುಗಟ್ಟಲೆ ಮಾಗಿದ ಸಂಗೀತ, ಬಹುಮಟ್ಟಿಗೆ ಅವರ ಶ್ರೇಷ್ಠ ಕೆಲಸವಾಗಿದೆ. ಒಬ್ಬೊಬ್ಬರೇ ಬರೆದು ತಂದು ಉಳಿದವರಿಂದ ನುಡಿಸಿದ್ದು ಬಹುಮಟ್ಟಿಗೆ ಸೊರಗಿದೆ. ಇದಕ್ಕೆ ಅಪವಾದಗಳಿವೆ, ಅವು ಸಣ್ಣವೂ ಅಲ್ಲ.

‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ನಿಜಕ್ಕೂ ಎಲ್ಲಕ್ಕಿಂತ ಮಿಗಿಲೋ, ಅಥವಾ ಎಲ್ಲಕ್ಕಿಂತ ಹೆಚ್ಚು ಮಾರಾಟವಾದುದು ಮಾತ್ರವೋ?

1973ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಆಲ್ಬಮ್ ಅಮೆರಿಕದಲ್ಲಿ ಆಲ್ಬಮ್ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರೊಳಗೆ ಒಟ್ಟು 741 ವಾರ ಉಳಿದಿತ್ತು. ಆದರೂ ಅಲ್ಲಿ ಅದು ಮೊದಲ ಸ್ಥಾನದಲ್ಲಿದ್ದದ್ದು ಒಂದೇ ವಾರ. ಈ ಜನಪ್ರಿಯತೆಯೇ ಹಳೆಯ ಅಭಿಮಾನಿಗಳಲ್ಲಿ ಒಂದು ಬಗೆಯ ಸಂಕೋಚ ಹುಟ್ಟಿಸಿದೆ: ಎಲ್ಲರಿಗೂ ಗೊತ್ತಿರುವುದನ್ನೇ ಶ್ರೇಷ್ಠವೆಂದರೆ ತಮ್ಮ ಕೇಳ್ಮೆಗೆ ಬೆಲೆ ಏನು ಉಳಿಯಿತು ಎಂಬ ಭಾವನೆ. ಆ ಸಂಕೋಚವನ್ನು ಬದಿಗಿಟ್ಟು ಕೇಳಿದರೆ ಆಲ್ಬಮ್‌ನ ಕಟ್ಟಡ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ.

ಆ ಗಟ್ಟಿತನಕ್ಕೆ ಕಾರಣವಿದೆ. 1972ರ ಜನವರಿಯಲ್ಲಿ, ಅಂದರೆ ಬಿಡುಗಡೆಗೆ ವರ್ಷಕ್ಕೂ ಮೊದಲೇ, ತಂಡ ಇಡೀ ಕೃತಿಯನ್ನು ಬ್ರೈಟನ್ ನಗರದಲ್ಲಿ ಪ್ರೇಕ್ಷಕರ ಮುಂದಿಡಲು ಹೊರಟಿತು. ಅಂದು ತಾಂತ್ರಿಕ ತೊಂದರೆಯಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅನಂತರ ಊರಿಂದೂರಿಗೆ ನುಡಿಸುತ್ತಾ ಹೋದಂತೆ ಬೇಡದ ಭಾಗಗಳು ಉದುರಿ, ಬೇಕಾದವು ಸೇರಿಕೊಂಡವು. ‘ಆನ್ ದಿ ರನ್’ ಮೊದಲು ಗಿಟಾರ್ ಆಧರಿಸಿದ ಓಟವಾಗಿತ್ತು. ಸಿಂಥಸೈಜರ್‌ನ ಚಡಪಡಿಕೆ ಬಂದದ್ದು ಸ್ಟುಡಿಯೊದಲ್ಲಿ. ‘ಅಸ್ ಆ್ಯಂಡ್ ದೆಮ್’ನ ರಾಗವನ್ನು ರೈಟ್ ಅವರು ಇಟಲಿಯ ನಿರ್ದೇಶಕ ಆಂಟೊನಿಯೊನಿ ಅವರ ಚಿತ್ರವೊಂದಕ್ಕಾಗಿ ಮಾಡಿದ್ದರು, ಅದು ಅಲ್ಲಿ ತಿರಸ್ಕೃತವಾಗಿತ್ತು. ‘ಮನಿ’ ಹಾಡು ಏಳು ಮಾತ್ರೆಗಳ ನಡೆಯಲ್ಲಿ ಸಾಗಿ, ಗಿಟಾರ್‌ನ ಏಕವಾದನಕ್ಕೆ ಬಂದಾಗ ನಾಲ್ಕಕ್ಕೆ ಹೊರಳುತ್ತದೆ. ಕರ್ನಾಟಕ ಸಂಗೀತದ ಮಿಶ್ರ ಛಾಪಿನ ಪರಿಚಯವಿರುವ ನಮ್ಮ ಕಡೆಯ ಕೇಳುಗರಿಗೆ ಈ ಏಳು ಮಾತ್ರೆ ತೊಡಕೆನಿಸುವುದಿಲ್ಲ ಎಂಬುದನ್ನು ನಾನು ಕಂಡಿದ್ದೇನೆ.

ವಿರೋಧಿಸುವವರ ವಾದದಲ್ಲಿಯೂ ಹುರುಳಿದೆ. ಕಾಲ, ಹಣ, ಸಾವು, ಹುಚ್ಚು ಎಂಬ ದೊಡ್ಡ ವಿಷಯಗಳನ್ನು ಸಾಹಿತ್ಯ ಬಹಳ ಸರಳವಾಗಿ ಹೇಳಿ ಮುಗಿಸುತ್ತದೆ, ಧ್ವನಿಯ ನಯ ಕೆಲವೊಮ್ಮೆ ನುಣುಪಾಗಿಬಿಡುತ್ತದೆ ಎಂದು ಅವರು ಹೇಳುತ್ತಾರೆ. ಆದರೆ ಪದಗಳೇ ಇಲ್ಲದ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಯಲ್ಲಿ ಕ್ಲೇರ್ ಟೋರಿ ಅವರ ಕಂಠ ಮಾಡುವ ಕೆಲಸವನ್ನು ಕೇಳಿದ ಮೇಲೂ ನುಣುಪಿನ ಆರೋಪ ಉಳಿಯುತ್ತದೆಯೇ ಎಂಬುದು ನನ್ನ ಸಂದೇಹ. ಆ ಒಂದು ಹಾಡುಗಾರಿಕೆಗೆ ಅವರಿಗೆ ಅಂದು ಸಿಕ್ಕಿದ್ದು 30 ಪೌಂಡ್. ರಚನೆಯಲ್ಲಿ ಅವರಿಗೂ ಪಾಲುಂಟು ಎಂದು ಒಪ್ಪಂದವಾದದ್ದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2005ರಲ್ಲಿ.

ಹಾಗಾದರೆ ‘ವಿಶ್ ಯು ವರ್ ಹಿಯರ್’ ಅನ್ನು ಅದಕ್ಕಿಂತ ಮೇಲಿಡುವವರ ವಾದವೇನು?

ನಾನೂ ಆ ಗುಂಪಿಗೆ ಸೇರಿದವನೆಂದು ಮೊದಲೇ ಹೇಳಿಬಿಡುತ್ತೇನೆ. ಗಿಲ್ಮೋರ್ ಮತ್ತು ರೈಟ್ ಇಬ್ಬರೂ ತಮಗೆ ಅತ್ಯಂತ ಪ್ರಿಯವಾದ ಆಲ್ಬಮ್ ಇದೇ ಎಂದು ಹೇಳಿಕೊಂಡಿದ್ದಾರೆ.

1975ರ ಈ ಆಲ್ಬಮ್‌ನಲ್ಲಿರುವುದು ಐದೇ ರಚನೆ, ಅದರಲ್ಲಿ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಎರಡು ತುಂಡಾಗಿ ಆರಂಭದಲ್ಲೂ ಕೊನೆಯಲ್ಲೂ ನಿಂತಿದೆ. ಒಂಬತ್ತು ಭಾಗಗಳ ಈ ರಚನೆ ಸುಮಾರು 26 ನಿಮಿಷದ್ದು. 1974ರ ಪ್ರವಾಸಗಳಲ್ಲಿ ತಂಡ ಅದನ್ನು ಒಡೆಯದೆ ನುಡಿಸಿತ್ತು. ಅದೇ ಪ್ರವಾಸದಲ್ಲಿ ಇನ್ನೂ ಎರಡು ಹೊಸ ಹಾಡುಗಳಿದ್ದವು. ಅವೆರಡನ್ನೂ ಬದಿಗಿರಿಸಿ, ದೊಡ್ಡ ರಚನೆಯನ್ನು ಸೀಳಿ, ನಡುವೆ ಅಗಲಿಕೆಯ ಮತ್ತು ಸಂಗೀತ ವ್ಯಾಪಾರದ ಹಾಡುಗಳನ್ನಿಡೋಣ ಎಂದವರು ವಾಟರ್ಸ್. ಗಿಲ್ಮೋರ್ ಅವರಿಗೆ ಅದು ಒಪ್ಪಿಗೆಯಿರಲಿಲ್ಲ. ಸಂಗೀತವನ್ನು ಮಾಗಿಸಿದ್ದು ನಾಲ್ವರು, ಅದಕ್ಕೆ ಚೌಕಟ್ಟು ಕೊಟ್ಟದ್ದು ಒಬ್ಬರು. ಈ ಎರಡೂ ಶಕ್ತಿಗಳು ಇಷ್ಟು ಸಮನಾಗಿ ಕೂಡಿದ್ದು ಇನ್ನೊಮ್ಮೆ ಆಗಲಿಲ್ಲ.

ಬ್ಯಾರೆಟ್ ಅವರನ್ನು ನೆನೆದು ಬರೆದ ಈ ರಚನೆಯ ಕೆಲಸ ನಡೆಯುತ್ತಿದ್ದಾಗ, 1975ರ ಜೂನ್ 5ರಂದು, ಬ್ಯಾರೆಟ್ ಅವರೇ ಅಬ್ಬೆ ರೋಡ್ ಸ್ಟುಡಿಯೊಗೆ ಬಂದು ಕೂತಿದ್ದರು. ಮೈ ದಪ್ಪವಾಗಿ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದ ಅವರನ್ನು ಹಳೆಯ ಗೆಳೆಯರು ಕೂಡಲೇ ಗುರುತಿಸಲಿಲ್ಲ. ಈ ಪ್ರಸಂಗವನ್ನು ಪ್ರತಿ ಚರ್ಚೆಯಲ್ಲೂ ಎಳೆತರುವುದು ಅಭಿಮಾನಿಗಳ ಚಾಳಿ. ಕಥೆಯ ಕರುಣೆಯನ್ನು ಸಂಗೀತದ ಗುಣಕ್ಕೆ ಸೇರಿಸಿ ತೂಗುತ್ತೀರಿ ಎಂದು ಎದುರಾಳಿಗಳು ಹೇಳಿದರೆ ಅದು ಅನ್ಯಾಯವೇನಲ್ಲ. ಕಥೆ ಗೊತ್ತಿಲ್ಲದವರೂ ಈ ರಚನೆಯಲ್ಲಿ ಗಿಲ್ಮೋರ್ ಅವರ ಗಿಟಾರ್ ನುಡಿಯುವ ಆ ನಾಲ್ಕು ಸ್ವರಗಳಿಗೆ ನಿಂತು ಕಿವಿಗೊಡುತ್ತಾರೆ ಎಂಬುದಷ್ಟೇ ನನ್ನ ಉತ್ತರ.

‘ಆ್ಯನಿಮಲ್ಸ್’ ಮೇಲೆ ಕೆಲವರಿಗೆ ಇರುವ ವಿಶೇಷ ಪ್ರೀತಿಗೆ ಕಾರಣವೇನು?

ಬದಿಗಿರಿಸಿದ ಆ ಎರಡು ಹಾಡುಗಳೇ ಹೊಸ ಸಾಹಿತ್ಯ ತೊಟ್ಟು 1977ರ ಈ ಆಲ್ಬಮ್‌ನಲ್ಲಿ ‘ಡಾಗ್ಸ್’ ಮತ್ತು ‘ಶೀಪ್’ ಎಂಬ ಹೆಸರಿನಿಂದ ಬಂದವು. ಮನುಷ್ಯರನ್ನು ನಾಯಿ, ಹಂದಿ, ಕುರಿಗಳಾಗಿ ವಿಂಗಡಿಸುವ ಕಲ್ಪನೆಗೆ ಜಾರ್ಜ್ ಆರ್ವೆಲ್ ಅವರ ನೀತಿಕಥೆಯ ಎಳೆಯಿದೆ. ವೇದಿಕೆಯಲ್ಲಿ ಎರಡು ವರ್ಷಕ್ಕೂ ಹಿಂದೆ ಮೊಳೆತ ಹಾಡುಗಳಾದ್ದರಿಂದ ನುಡಿಸುವಿಕೆಯಲ್ಲಿ ಕಸುವಿದೆ. 17 ನಿಮಿಷದ ‘ಡಾಗ್ಸ್’ನಲ್ಲಿ ಗಿಲ್ಮೋರ್ ಅವರ ಗಿಟಾರ್ ಅವರ ಜೀವಮಾನದ ಶ್ರೇಷ್ಠ ಕೆಲಸಗಳಲ್ಲಿ ಒಂದು. ರೇಡಿಯೊಗೆ ಹೊಂದುವ ಹಾಡು ಇದರಲ್ಲಿ ಒಂದೂ ಇಲ್ಲ, ಹಾಗಾಗಿ ಇದನ್ನು ತಾವೇ ಹುಡುಕಿ ಕಂಡುಕೊಂಡೆವೆಂಬ ಹೆಮ್ಮೆ ಅಭಿಮಾನಿಗಳಿಗೆ ಉಳಿದಿದೆ.

ದೋಷಗಳನ್ನೂ ಹೇಳಬೇಕು. ರೈಟ್ ಅವರ ಹೆಸರು ಒಂದು ರಚನೆಗೂ ಇಲ್ಲದ ಮೊದಲ ಆಲ್ಬಮ್ ಇದು, ಮತ್ತು ಆ ಕೊರತೆ ಕಿವಿಗೆ ತಿಳಿಯುತ್ತದೆ. ಮೃದುವಾದ ಜಾಗಗಳೇ ಕಡಿಮೆ. ಮೂಲ ಧ್ವನಿಮಿಶ್ರಣ ಮಂಕಾಗಿದೆ ಎಂಬ ಹಳೆಯ ದೂರಿಗೆ 2022ರಲ್ಲಿ ಹೊರಬಂದ ಹೊಸ ಮಿಶ್ರಣ ಬಹುಪಾಲು ಪರಿಹಾರ ಕೊಟ್ಟಿದೆ. ಮುಖಪುಟಕ್ಕಾಗಿ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ಕಟ್ಟಿದ್ದ ಗಾಳಿ ತುಂಬಿದ ಹಂದಿ ಹಗ್ಗ ಕಿತ್ತುಕೊಂಡು ಹಾರಿಹೋದ ಸಂಗತಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ.

‘ದಿ ವಾಲ್’ ಒಂದೇ ತಟ್ಟೆಯಲ್ಲಿ ಮುಗಿಯಬೇಕಿತ್ತೇ?

ಎರಡು ತಟ್ಟೆಗಳ ಆಲ್ಬಮ್‌ಗಳೆಲ್ಲಕ್ಕೂ ಈ ಪ್ರಶ್ನೆ ಅಂಟಿಕೊಂಡೇ ಬರುತ್ತದೆ. 1979ರ ನವೆಂಬರ್ 30ರಂದು ಬಂದ ‘ದಿ ವಾಲ್’ನಲ್ಲಿ 26 ಹಾಡುಗಳಿವೆ. ನನ್ನ ಅಳತೆಗೋಲಿಗೆ ಇದೇ ದೊಡ್ಡ ತೊಡಕು: ಇದು ವೇದಿಕೆಯಲ್ಲಿ ಮಾಗಿದ್ದಲ್ಲ, ವಾಟರ್ಸ್ ಒಬ್ಬರೇ ಕೂತು ಮಾಡಿದ ಕರಡು ಧ್ವನಿಮುದ್ರಿಕೆಯಿಂದ ಬೆಳೆದದ್ದು. ಹಣ ಹೂಡಿಕೆಯಲ್ಲಿ ಕೈಸುಟ್ಟುಕೊಂಡ ತಂಡ ತೆರಿಗೆಯ ಭಾರಕ್ಕೆ ಹೆದರಿ ಇಂಗ್ಲೆಂಡಿನ ಹೊರಗೆ ಕೆಲಸ ಮಾಡುತ್ತಿದ್ದ ಕಾಲ ಅದು; ಕೆಲಸದ ನಡುವೆಯೇ ರೈಟ್ ಅವರನ್ನು ತಂಡದಿಂದ ಹೊರಹಾಕಲಾಯಿತು. ಆಮೇಲಿನ ಕಛೇರಿಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. ಆ ಕಛೇರಿಗಳಿಂದ ಉಳಿದ ಮೂವರಿಗೂ ನಷ್ಟವಾಗಿ, ಸಂಬಳದವರೊಬ್ಬರೇ ಲಾಭ ಕಂಡದ್ದು ವಿಚಿತ್ರ.

ಇಷ್ಟೆಲ್ಲ ಒಡಕಿದ್ದರೂ ಆಲ್ಬಮ್ ನಿಂತದ್ದು ಎರಡು ಕಾರಣಕ್ಕೆ. ನಿರ್ಮಾಪಕ ಬಾಬ್ ಎಜ್ರಿನ್ ಕಥೆಗೆ ಒಂದು ನಾಟಕದ ನಡೆಯನ್ನು ಕೊಟ್ಟರು, ‘ಅನದರ್ ಬ್ರಿಕ್ ಇನ್ ದಿ ವಾಲ್’ನ ಎರಡನೆಯ ಭಾಗಕ್ಕೆ ಲಂಡನ್‌ನ ಇಸ್ಲಿಂಗ್ಟನ್‌ನ ಶಾಲಾ ಮಕ್ಕಳ ಕಂಠ ಸೇರಿತು. ಇನ್ನೊಂದು, ಗಿಲ್ಮೋರ್ ಅವರ ಹೆಸರು ಸೇರಿರುವ ಮೂರು ಹಾಡುಗಳು, ಮುಖ್ಯವಾಗಿ ‘ಕಂಫರ್ಟಬ್ಲಿ ನಂಬ್’. ಆ ಹಾಡಿನ ವಾದ್ಯಸಂಯೋಜನೆಯ ಬಗ್ಗೆ ಗಿಲ್ಮೋರ್ ಮತ್ತು ವಾಟರ್ಸ್ ಜಗಳವಾಡಿ ಕೊನೆಗೆ ಅರ್ಧ ಅವರದ್ದು, ಅರ್ಧ ಇವರದ್ದು ಎಂದು ರಾಜಿಯಾದರು. ಅಂದಮೇಲೆ ಅಪವಾದ ಪೂರ್ತಿ ಅಪವಾದವೂ ಅಲ್ಲ. ನಾಲ್ಕನೆಯ ಮುಖದ, ಅಂದರೆ ಎರಡನೆಯ ತಟ್ಟೆಯ ಹಿಂಬದಿಯ, ಕೆಲವು ಹಾಡುಗಳನ್ನು ನಾನು ಕಥೆಗಾಗಿ ಸಹಿಸಿಕೊಳ್ಳುತ್ತೇನೆ, ಸಂಗೀತಕ್ಕಾಗಿ ಅಲ್ಲ.

‘ಮೆಡಲ್’ ಒಂದೇ ಹಾಡಿನ ಆಲ್ಬಮ್ ಎಂಬ ಟೀಕೆ ಸರಿಯೇ?

ಎರಡು ಹಾಡಿನದು ಎನ್ನಬಹುದು. 1971ರ ಈ ಆಲ್ಬಮ್‌ನ ಆರಂಭದ ‘ಒನ್ ಆಫ್ ದೀಸ್ ಡೇಸ್’ ಮತ್ತು ಇಡೀ ಎರಡನೆಯ ಮುಖವನ್ನು ಆವರಿಸಿದ, 23 ನಿಮಿಷದ ‘ಎಕೋಸ್’ ಇವೆರಡರ ನಡುವಿನ ಹಾಡುಗಳು ಹಗುರ. ನಾಯಿಯ ಊಳನ್ನು ಸೇರಿಸಿದ ‘ಶೇಮಸ್’ ತಮಾಷೆಗೆ ಸಲ್ಲುತ್ತದೆ. ಆದರೆ ರೈಟ್ ಅವರ ಪಿಯಾನೊದ ಒಂದು ಸ್ವರ ತಿರುಗುವ ಲೆಸ್ಲಿ ಸ್ಪೀಕರ್‌ನ ಮೂಲಕ ಹಾದು ನೀರಹನಿಯಂತೆ ಬೀಳುವುದರಿಂದ ಮೊದಲಾಗುವ ‘ಎಕೋಸ್’ ಇಲ್ಲದೆ ‘ಡಾರ್ಕ್ ಸೈಡ್’ ಇಲ್ಲ. ನಾಲ್ವರೂ ಸೇರಿ ಹೆಕ್ಕಿದ ಚೂರುಗಳಿಂದ ಕಟ್ಟಿದ ಈ ರಚನೆಯೂ ಬಿಡುಗಡೆಗೆ ತಿಂಗಳುಗಳ ಮೊದಲೇ ವೇದಿಕೆಯ ಮೇಲಿತ್ತು.

‘ಉಮ್ಮಗುಮ್ಮ’ವೇ ಅತಿ ದುರ್ಬಲ ಎಂದು ಹೆಚ್ಚಿನವರು ಹೇಳುವುದೇಕೆ?

ಸ್ಟುಡಿಯೊ ತಟ್ಟೆಯಲ್ಲಿ ನಾಲ್ವರಿಗೂ ತಲಾ ಅರ್ಧ ಮುಖವನ್ನು ಹಂಚಲಾಗಿತ್ತು, ಅಣ್ಣತಮ್ಮಂದಿರು ಮನೆಗೆ ಗೋಡೆ ಹಾಕಿಕೊಂಡ ಹಾಗೆ. ತನ್ನ ಪಾಲಿನ ಹಾಡಿಗೆ ಸಾಹಿತ್ಯ ಬರೆದುಕೊಡುವಂತೆ ಗಿಲ್ಮೋರ್ ಕೇಳಿದಾಗ ವಾಟರ್ಸ್ ಒಪ್ಪಲಿಲ್ಲ. ಫಲಿತಾಂಶದಲ್ಲಿ ಕುತೂಹಲವಿದೆ, ಸುಖವಿಲ್ಲ. ತಂಡದವರೇ ಆಮೇಲೆ ಇದನ್ನು ಕೈಬಿಟ್ಟ ಪ್ರಯೋಗವೆಂದು ದೂರವಿಟ್ಟರು. ಅದೇ ಜನ, ಅದೇ ವರ್ಷ, ವೇದಿಕೆಯ ತಟ್ಟೆಯಲ್ಲಿ ನುಡಿಸಿದ ‘ಅಸ್ಟ್ರಾನಮಿ ಡಾಮಿನೆ’ ಮತ್ತು ‘ಕೇರ್‌ಫುಲ್ ವಿತ್ ದಟ್ ಆ್ಯಕ್ಸ್, ಯುಜೀನ್’ಗಳನ್ನು ಕೇಳಿ ನೋಡಬೇಕು. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಕ್ಕದು.

ಕಲಾವಿದರೇ ತಳ್ಳಿಹಾಕಿದ ‘ಆಟಮ್ ಹಾರ್ಟ್ ಮದರ್’ ಅನ್ನು ಕೇಳುಗರು ಮೆಚ್ಚುವುದು ಹೇಗೆ?

ಗಿಲ್ಮೋರ್ ಮತ್ತು ವಾಟರ್ಸ್ ಒಪ್ಪುವ ವಿಷಯಗಳು ಬಹಳ ಕಡಿಮೆ, ಅವುಗಳಲ್ಲಿ ಈ ಆಲ್ಬಮ್ ಮೇಲಿನ ತಾತ್ಸಾರವೂ ಒಂದು. 1970ರ ಈ ಶೀರ್ಷಿಕೆ ರಚನೆಯನ್ನು ತಂಡ ವೇದಿಕೆಯ ಮೇಲೆ ಮೊದಲೇ ನುಡಿಸಿತ್ತು, ಆದರೂ ಅದು ಮಾಗಲಿಲ್ಲ ಎಂಬುದನ್ನು ನಾನು ಒಪ್ಪಿಕೊಳ್ಳಬೇಕು. ಸ್ಟುಡಿಯೊದಲ್ಲಿ ವಾಟರ್ಸ್ ಮತ್ತು ಮೇಸನ್ ಇಬ್ಬರೇ ಬಾಸ್ ಗಿಟಾರ್ ಹಾಗೂ ಡ್ರಮ್ಸ್ ಅನ್ನು 23 ನಿಮಿಷ ಒಂದೇ ಉಸಿರಿಗೆ ನುಡಿಸಿ ಮುಗಿಸಿದರು. ಅದರ ಮೇಲೆ ಹಿತ್ತಾಳೆ ವಾದ್ಯಗಳನ್ನೂ ವೃಂದಗಾನವನ್ನೂ ಹೊದಿಸುವ ಹೊಣೆ ರಾನ್ ಗೀಸಿನ್ ಅವರದಾಯಿತು. ಅಡಿಪಾಯದ ಲಯ ಅಲ್ಲಲ್ಲಿ ಜಾರುವುದು ಈಗಲೂ ಕೇಳಿಸುತ್ತದೆ. ಹಾಗಿದ್ದೂ ಬ್ರಿಟನ್ನಿನಲ್ಲಿ ತಂಡಕ್ಕೆ ಮೊದಲ ಬಾರಿ ಅಗ್ರಸ್ಥಾನ ತಂದದ್ದು ಮುಖಪುಟದಲ್ಲಿ ಹಸು ನಿಂತಿರುವ ಇದೇ ಆಲ್ಬಮ್. ಎರಡನೆಯ ಮುಖದಲ್ಲಿರುವ ರೈಟ್ ಅವರ ‘ಸಮ್ಮರ್ ’68’ ಹಾಡನ್ನು ಇಷ್ಟಪಡದ ಅಭಿಮಾನಿಯನ್ನು ನಾನು ಕಂಡಿಲ್ಲ.

‘ದಿ ಫೈನಲ್ ಕಟ್’ ಪಿಂಕ್ ಫ್ಲಾಯ್ಡ್‌ನ ಆಲ್ಬಮ್ಮೋ, ವಾಟರ್ಸ್ ಅವರ ಸ್ವಂತದ್ದೋ?

ಯುದ್ಧಾನಂತರದ ಕನಸಿನ ಶ್ರಾದ್ಧಗೀತೆ, ರಚನೆ ರೋಜರ್ ವಾಟರ್ಸ್, ಪ್ರಸ್ತುತಿ ಪಿಂಕ್ ಫ್ಲಾಯ್ಡ್ ಎಂಬ ಅರ್ಥದ ಒಕ್ಕಣೆ ಆಲ್ಬಮ್ ಮೇಲೆಯೇ ಇದೆ. 1982ರ ಫಾಕ್‌ಲೆಂಡ್ಸ್ ಯುದ್ಧದ ಸಿಟ್ಟು, 1944ರಲ್ಲಿ ಇಟಲಿಯ ಆಂಜಿಯೊದಲ್ಲಿ ಮಡಿದ ತಂದೆಯ ನೆನಪು ಇವೆರಡೂ 1983ರ ಈ ಆಲ್ಬಮ್‌ನ ಹೂರಣ. ರೈಟ್ ಇಲ್ಲ; ಗಿಲ್ಮೋರ್ ಅವರ ಕಂಠ ಮುಂದೆ ಬರುವುದು ಒಂದೇ ಹಾಡಿನಲ್ಲಿ; ಕೆಲವು ಹಾಡುಗಳು ‘ದಿ ವಾಲ್’ನಿಂದ ಉಳಿದವು. ಇದನ್ನು ಹಿಡಿದು ತಂಡ ಪ್ರವಾಸಕ್ಕೇ ಹೋಗಲಿಲ್ಲ. ದುರ್ಬಲ ಎಂದು ತೀರ್ಪು ಕೊಡಲು ಎಲ್ಲ ಸಾಮಗ್ರಿಯೂ ಇದೆ, ಆದರೂ ನನ್ನ ಕೈ ತಡೆಯುತ್ತದೆ. ‘ದಿ ಗನ್ನರ್ಸ್ ಡ್ರೀಮ್’ನಲ್ಲಿ ವಾಟರ್ಸ್ ಅವರ ಕಿರುಚು ಸ್ಯಾಕ್ಸೊಫೋನ್‌ನೊಳಗೆ ಕರಗಿಹೋಗುವ ಕ್ಷಣದಂಥದ್ದು ಅನಂತರದ ಯಾವ ಆಲ್ಬಮ್‌ನಲ್ಲೂ ಇಲ್ಲ. ಇದು ತಂಡದ ಆಲ್ಬಮ್ ಆಗಿ ಸೋತಿದೆ, ಒಬ್ಬ ಮಗನ ಅಳಲಾಗಿ ಸೋತಿಲ್ಲ.

ವಾಟರ್ಸ್ ಇಲ್ಲದ ಮೂರು ಆಲ್ಬಮ್‌ಗಳನ್ನು ಹೇಗೆ ತೂಗಬೇಕು?

ಮೂರನ್ನೂ ಒಂದೇ ಬುಟ್ಟಿಗೆ ಹಾಕಬಾರದು. 1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ ಹೆಸರಿನ ಹಕ್ಕಿನ ವ್ಯಾಜ್ಯದ ನಡುವೆ ಹುಟ್ಟಿತು. ಥೇಮ್ಸ್ ನದಿಯಲ್ಲಿ ಗಿಲ್ಮೋರ್ ಅವರ ದೋಣಿಮನೆಯೇ ಸ್ಟುಡಿಯೊ ಆಯಿತು. ಹಾಡು ಬರೆಯಲು ಹೊರಗಿನವರು ಬಂದರು, ಡ್ರಮ್ಸ್‌ನ ಬಹುಪಾಲು ಯಂತ್ರಗಳಿಗೂ ಬಾಡಿಗೆ ವಾದಕರಿಗೂ ಹೋಯಿತು, ರೈಟ್ ತಡವಾಗಿ ಸೇರಿ ಅಲ್ಪಸ್ವಲ್ಪ ನುಡಿಸಿದರು. ಮುಖಪುಟಕ್ಕಾಗಿ ಡೆವನ್‌ನ ಕಡಲತೀರದಲ್ಲಿ 700 ಆಸ್ಪತ್ರೆ ಮಂಚಗಳನ್ನು ಸಾಲಾಗಿ ಇರಿಸಿದ ಶ್ರಮ ಒಳಗಿನ ಸಂಗೀತದಲ್ಲಿ ಕಾಣುವುದಿಲ್ಲ. 2019ರಲ್ಲಿ ಮೇಸನ್ ಅವರು ಹೊಸದಾಗಿ ನುಡಿಸಿದ ಡ್ರಮ್ಸ್ ಮತ್ತು ರೈಟ್ ಅವರ ಹಳೆಯ ಕಛೇರಿಗಳ ಕೀಬೋರ್ಡ್ ಸೇರಿಸಿ ಅದನ್ನು ಮರುಮಿಶ್ರಣ ಮಾಡಬೇಕಾಗಿ ಬಂದದ್ದೇ ಮೂಲದ ಕೊರತೆಯನ್ನು ಒಪ್ಪಿಕೊಂಡಂತೆ.

1994ರ ‘ದಿ ಡಿವಿಷನ್ ಬೆಲ್’ ಬೇರೆಯೇ ಕಥೆ. ಇಲ್ಲಿ ಮೂವರೂ ಒಂದು ಕೋಣೆಯಲ್ಲಿ ಕೂತು ಮನಸ್ಸಿಗೆ ಬಂದದ್ದನ್ನು ನುಡಿಸುತ್ತಾ ಹಾಡುಗಳನ್ನು ಹುಡುಕಿದರು, ರೈಟ್ ಅವರ ಹೆಸರು ಐದು ರಚನೆಗಳಿಗೆ ಸೇರಿತು, ‘ವೇರಿಂಗ್ ದಿ ಇನ್‌ಸೈಡ್ ಔಟ್’ ಅನ್ನು ಅವರೇ ಹಾಡಿದರು. ಗಿಲ್ಮೋರ್ ಅವರ ಸಂಗಾತಿ, ಲೇಖಕಿ ಪಾಲಿ ಸ್ಯಾಮ್ಸನ್ ಅವರ ಸಾಹಿತ್ಯ ವಾಟರ್ಸ್ ಅವರಷ್ಟು ಹರಿತವಲ್ಲ ಎಂಬುದು ನಿಜ, ಆದರೆ ಕೊನೆಯ ‘ಹೈ ಹೋಪ್ಸ್’ ಅನ್ನು ತಂಡದ ಮೊದಲ ಹತ್ತು ಹಾಡುಗಳಲ್ಲಿ ಇಡಲು ನಾನು ಹಿಂಜರಿಯುವುದಿಲ್ಲ. 2008ರಲ್ಲಿ ರೈಟ್ ತೀರಿಕೊಂಡ ಮೇಲೆ, ಇದೇ ಕಾಲದ ಉಳಿಕೆ ಸಂಗೀತದಿಂದ ಜೋಡಿಸಿದ ‘ದಿ ಎಂಡ್‌ಲೆಸ್ ರಿವರ್’ನಲ್ಲಿ ಹಾಡೆನ್ನುವಂಥದ್ದು ಒಂದೇ. ಅದು ಗೆಳೆಯನಿಗೆ ಸಲ್ಲಿಸಿದ ನೆನಪಿನ ಕಾಣಿಕೆ. ಸ್ಪರ್ಧೆಗೆ ನಿಲ್ಲಿಸುವುದೇ ತಪ್ಪು.

ಬ್ಯಾರೆಟ್ ಅವರ ಕಾಲದ ಮೊದಲ ಆಲ್ಬಮ್ಮೇ ಶ್ರೇಷ್ಠ ಎನ್ನುವವರೂ ಇದ್ದಾರಲ್ಲವೇ?

ಇದ್ದಾರೆ, ಮತ್ತು ಅವರನ್ನು ಒಪ್ಪಿಸುವುದು ಕಷ್ಟ. ‘ಪೈಪರ್’ ತಯಾರಾದದ್ದು ಬೀಟಲ್ಸ್ ಕೆಲಸ ಮಾಡುತ್ತಿದ್ದ ಅಬ್ಬೆ ರೋಡ್‌ನಲ್ಲಿಯೇ, ಅದೇ ತಿಂಗಳುಗಳಲ್ಲಿ. ಲಂಡನ್‌ನ ಯುಎಫ್‌ಒ ಕ್ಲಬ್ಬಿನ ಬೆಳಕಿನಾಟದ ನಡುವೆ ಪಳಗಿದ ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’ನ ಪಕ್ಕದಲ್ಲೇ ಮಕ್ಕಳ ಪದ್ಯದಂತಹ ‘ಬೈಕ್’ ನಿಂತಿದೆ. ಈ ಚೇಷ್ಟೆ, ಈ ನಗು ಮುಂದಿನ ಪಿಂಕ್ ಫ್ಲಾಯ್ಡ್‌ನಲ್ಲಿ ಮರಳಲೇ ಇಲ್ಲ. ಅದು ಬೇರೆ ತಂಡದ ಶ್ರೇಷ್ಠ ಆಲ್ಬಮ್ ಎಂದು ಹೇಳಿ ನಾನು ಜಾರಿಕೊಳ್ಳುತ್ತೇನೆ. ಐವರೂ ಒಟ್ಟಿಗೆ ಕೇಳಿಬರುವ ಏಕೈಕ ಆಲ್ಬಮ್ 1968ರ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’. ಅದರ ಕೊನೆಯಲ್ಲಿ ಬ್ಯಾರೆಟ್ ಅವರದೊಂದೇ ಹಾಡು ಉಳಿದಿದೆ.

ಸಿನಿಮಾಕ್ಕಾಗಿ ಮಾಡಿದ ಆಲ್ಬಮ್‌ಗಳನ್ನು ಕಡೆಗಣಿಸಬಹುದೇ?

‘ಮೋರ್’ ಅನ್ನು ಬಿಟ್ಟರೂ ನಡೆದೀತು. 1972ರ ‘ಆಬ್ಸ್ಕ್ಯೂರ್ಡ್ ಬೈ ಕ್ಲೌಡ್ಸ್’ ಅನ್ನು ಬಿಡಬಾರದು. ‘ಡಾರ್ಕ್ ಸೈಡ್’ನ ಪ್ರವಾಸದ ನಡುವೆ ಫ್ರಾನ್ಸಿನ ಹಳೆಯ ಬಂಗಲೆಯೊಂದರಲ್ಲಿ ಕೆಲವೇ ದಿನಗಳಲ್ಲಿ ಮುಗಿಸಿದ ಇದರಲ್ಲಿ ಚಿಕ್ಕ, ಚೊಕ್ಕ ಹಾಡುಗಳಿವೆ.

ಭಾರತದ ಅಭಿಮಾನಿಗಳು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ವಾಟರ್ಸ್ ಕಡೆ ವಾಲುತ್ತಾರೆಯೇ?

ಎಲ್ಲರ ಪರವಾಗಿ ಹೇಳಲಾಗದು. ಪಿಂಕ್ ಫ್ಲಾಯ್ಡ್ ತಂಡವಾಗಿ ಭಾರತದಲ್ಲಿ ಎಂದೂ ನುಡಿಸಲಿಲ್ಲ. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದವರು ವಾಟರ್ಸ್. ಅಂದು ಅಲ್ಲಿದ್ದವರ ಪಟ್ಟಿಯಲ್ಲಿ ‘ದಿ ವಾಲ್’ ಒಂದೆರಡು ಸ್ಥಾನ ಮೇಲಿದ್ದರೆ ಆಶ್ಚರ್ಯಪಡಬೇಕಿಲ್ಲ.

ಮಾರಾಟ ಮತ್ತು ಪಟ್ಟಿಯ ಸ್ಥಾನಗಳಿಂದ ತೀರ್ಮಾನಿಸಬಾರದೇಕೆ?

ಬ್ರಿಟನ್ನಿನಲ್ಲಿ ಬಿಡುಗಡೆಯ ಕಾಲಕ್ಕೆ ‘ಡಾರ್ಕ್ ಸೈಡ್’ ಎರಡನೆಯ ಸ್ಥಾನಕ್ಕೆ, ‘ದಿ ವಾಲ್’ ಮೂರನೆಯದಕ್ಕೆ ನಿಂತವು. ‘ದಿ ಫೈನಲ್ ಕಟ್’ ಮತ್ತು ‘ಆಟಮ್ ಹಾರ್ಟ್ ಮದರ್’ ಮೊದಲ ಸ್ಥಾನಕ್ಕೇರಿದವು. ಪಟ್ಟಿಯನ್ನೇ ನಂಬಿದರೆ ಈ ಎರಡು ಆ ಎರಡಕ್ಕಿಂತ ಮೇಲು ಎನ್ನಬೇಕಾಗುತ್ತದೆ.

ಕೊನೆಗೆ ನಿಮ್ಮ ತೀರ್ಪೇನು?

ಮೇಲಿನಿಂದ ‘ವಿಶ್ ಯು ವರ್ ಹಿಯರ್’, ‘ಡಾರ್ಕ್ ಸೈಡ್’, ‘ಆ್ಯನಿಮಲ್ಸ್’. ಕೆಳಗಿನಿಂದ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ನ 1987ರ ಮೂಲ ರೂಪ, ಅದರ ಮೇಲೆ ‘ಉಮ್ಮಗುಮ್ಮ’ದ ಸ್ಟುಡಿಯೊ ತಟ್ಟೆ. ಇವೆರಡರ ಕ್ರಮವನ್ನು ಅದಲುಬದಲು ಮಾಡುವವರೊಂದಿಗೆ ನನಗೆ ಜಗಳವಿಲ್ಲ. ‘ಉಮ್ಮಗುಮ್ಮ’ದಲ್ಲಿ ನಾಲ್ವರು ಒಂಟಿಯಾಗಿದ್ದರೂ ನುಡಿಸಿದವರು ಅವರೇ ಎಂಬ ಕಾರಣಕ್ಕೆ ನಾನು ಅದನ್ನು ಒಂದು ಮೆಟ್ಟಿಲು ಮೇಲಿಟ್ಟಿದ್ದೇನೆ.